ಹುಲ್ಲು ಕತ್ತರಿಸುವ ಯಂತ್ರದ ಜನಕ: ಎಡ್ವಿನ್ ಬಡ್ಡಿಂಗ್

ತೃಣವೆಂದರೆ ನಮ್ಮ ಮಾತಿನಲ್ಲಿ ಅಲ್ಪವಾದುದು. ಯಾವುದನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದನ್ನು ತೃಣೀಕರಿಸಿದೆವೆನ್ನುತ್ತೇವೆ. ಆದರೆ ಈ ಅಲ್ಪವಸ್ತುವನ್ನು ವಿಶಾಲವಾದ ನೆಲದ ಉದ್ದಗಲಕ್ಕೂ ಒಂದೇ ಎತ್ತರಕ್ಕೆ ಕತ್ತರಿಸಿ ನಿಲ್ಲಿಸುವುದು ಅಲ್ಪವಾದ ಕೆಲಸವಲ್ಲ. ಉದ್ಯಾನಗಳ ಹುಲ್ಲುಹಾಸನ್ನು ಕಂಡು ಮೆಚ್ಚುವವರಲ್ಲಿ, ಕ್ರಿಕೆಟ್ ಮೈದಾನದ ಹಸುರನ್ನು ನೋಡಿ ಕಣ್ಣು ತಂಪು ಮಾಡಿಕೊಳ್ಳುವವರಲ್ಲಿ, ಆ ನಯಕ್ಕೆ ಕಾರಣನಾದವನು ಯಾರೆಂದು ಕೇಳುವವರು ವಿರಳ. ಉಗಿಯಂತ್ರವೆಂದೊಡನೆ ಜೇಮ್ಸ್ ವಾಟನ ಹೆಸರು ಶಾಲೆಯ ಮಕ್ಕಳ ನಾಲಗೆಯ ಮೇಲೂ ಬರುತ್ತದೆ. ಹುಲ್ಲು ಕತ್ತರಿಸುವ ಯಂತ್ರವೆಂದರೆ ಎಡ್ವಿನ್ ಬಿಯರ್ಡ್ ಬಡ್ಡಿಂಗನ ಹೆಸರು ಅಷ್ಟು ಸುಲಭವಾಗಿ ಬರುವುದಿಲ್ಲ. ಯಂತ್ರಗಳ ಚರಿತ್ರೆಯನ್ನು ಬಲ್ಲವರಿಗೆ ಆತ ಪರಿಚಿತ. ಆತನ ಯಂತ್ರವನ್ನು ದಿನವೂ ತಳ್ಳುವವರಿಗೆ ಅಪರಿಚಿತ.

ಬಡ್ಡಿಂಗ್ ಹುಟ್ಟಿದ್ದು 1796ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಈಸ್ಟಿಂಗ್ಟನ್ ಎಂಬ ಹಳ್ಳಿಯಲ್ಲಿ. ಹತ್ತಿರದ ಪಟ್ಟಣ ಸ್ಟ್ರೌಡ್. ಕಿರಿದಾದ ಕಣಿವೆಗಳು, ಅವುಗಳ ನಡುವೆ ಹರಿಯುವ ಚಿಕ್ಕ ಹೊಳೆಗಳು, ಹೊಳೆಗಳ ದಂಡೆಯಲ್ಲಿ ಸಾಲುಸಾಲಾಗಿ ಉಣ್ಣೆಬಟ್ಟೆಯ ಗಿರಣಿಗಳು: ಇದು ಆ ಸೀಮೆಯ ರೂಪ. ಸೈನಿಕರ ಕೆಂಪು ಅಂಗಿಗೆ ಬೇಕಾದ ಬಟ್ಟೆಗೆ ಸ್ಟ್ರೌಡ್ ಪ್ರಸಿದ್ಧವಾಗಿತ್ತು. ನೀರಿನ ಚಕ್ರದಿಂದ ನಡೆಯುತ್ತಿದ್ದ ಯಂತ್ರಗಳು ಆಗಾಗ ಕೆಡುತ್ತಿದ್ದವು. ಕೆಟ್ಟದ್ದನ್ನು ಸರಿಪಡಿಸಬಲ್ಲ ಕೈಗಳಿಗೆ ಸದಾ ಬೇಡಿಕೆಯಿತ್ತು. ಬಡಗಿಯಾಗಿ ಕೆಲಸ ಆರಂಭಿಸಿದ ಬಡ್ಡಿಂಗ್ ಮೆಲ್ಲಮೆಲ್ಲನೆ ಮರದಿಂದ ಕಬ್ಬಿಣಕ್ಕೆ ಸರಿದು, ಗಿರಣಿಯ ಯಂತ್ರಗಳನ್ನು ರಿಪೇರಿ ಮಾಡುವ, ಸುಧಾರಿಸುವ ಕಸುಬಿಗೆ ಇಳಿದ. ಆತನ ಬುದ್ಧಿ ಬೆಳೆದದ್ದು ಗ್ರಂಥಾಲಯದಲ್ಲಿ ಅಲ್ಲ, ಹೀಗೆ ಕೆಟ್ಟುನಿಂತ ಯಂತ್ರಗಳ ಮುಂದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆತನ ಮುಂದಿನ ಕೆಲಸವೆಲ್ಲ ಸ್ಪಷ್ಟವಾಗುತ್ತದೆ.

ಆ ಕಾಲದಲ್ಲಿ ಹುಲ್ಲುಹಾಸೆಂಬುದು ಸಿರಿವಂತರ ಸೊತ್ತು. ಕುರಿಗಳನ್ನು ಮೇಯಲು ಬಿಟ್ಟು ಹುಲ್ಲನ್ನು ಗಿಡ್ಡಾಗಿ ಇಡುವುದು ಒಂದು ಕ್ರಮ. ನೀಳವಾದ ಹಿಡಿಯ ದೊಡ್ಡ ಕುಡುಗೋಲನ್ನು ಎರಡು ಕೈಗಳಿಂದ ಬೀಸಿ ಕೊಯ್ಯುವುದು ಇನ್ನೊಂದು ಕ್ರಮ. ಒಣಗಿದ ಹುಲ್ಲು ಕುಡುಗೋಲಿಗೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಇಬ್ಬನಿಯಲ್ಲಿ ನೆನೆದ ಹುಲ್ಲು ಅಲಗಿಗೆ ಸಿಕ್ಕುತ್ತದೆ. ಆದುದರಿಂದ ಕೊಯ್ಯುವವರು ಸೂರ್ಯ ಮೇಲೇರುವ ಮುನ್ನವೇ ಸಾಲಾಗಿ ನಿಂತು ಕೆಲಸ ಹಿಡಿಯಬೇಕಿತ್ತು. ಅವರ ಹಿಂದೆ ಪೊರಕೆ ಹಿಡಿದವರು ಕತ್ತರಿಸಿದ ಹುಲ್ಲನ್ನು ಗುಡಿಸಿ ಒಯ್ಯಬೇಕಿತ್ತು. ನಿಪುಣನ ಕೈಯಲ್ಲಿ ಕುಡುಗೋಲು ಆಶ್ಚರ್ಯಕರವಾದ ನಯವನ್ನು ಕೊಡುತ್ತಿತ್ತೆಂಬುದು ನಿಜ. ಆದರೆ ಅಂಥ ನೈಪುಣ್ಯ ವರ್ಷಗಳ ದುಡಿಮೆಯಿಂದ ಬರತಕ್ಕದ್ದು. ಅಳತೆ ತಪ್ಪಿದ ಒಂದು ಬೀಸು ನೆಲದ ಮೇಲೆ ಬೋಳು ಕಲೆಯನ್ನು ಬಿಡುತ್ತಿತ್ತು.

ಈ ಹೊಲದ ಕೆಲಸಕ್ಕೂ ಬಟ್ಟೆಯ ಗಿರಣಿಗೂ ಏನು ಸಂಬಂಧ? ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ಕುಟ್ಟಿ ದಟ್ಟವಾಗಿಸಿದ ಮೇಲೆ ಮುಳ್ಳಿನ ಕಾಯಿಗಳಿಂದ ಉಜ್ಜಿ ಅದರ ನವಿರನ್ನು ಮೇಲೆಬ್ಬಿಸುತ್ತಾರೆ. ಹೀಗೆ ಎದ್ದುನಿಂತ ನವಿರನ್ನು ಒಂದೇ ಸಮನಾಗಿ ಕತ್ತರಿಸಿದಾಗಲೇ ಬಟ್ಟೆಗೆ ಮಕಮಲ್ಲಿನಂಥ ಮೈ ಬರುವುದು. ಮೊದಲು ಈ ಕೆಲಸವನ್ನು ಮಾಡುತ್ತಿದ್ದವರು ಭಾರಿ ಕತ್ತರಿಗಳನ್ನು ಹಿಡಿದ ನುರಿತ ಕೆಲಸಗಾರರು. ಅವರ ಕೂಲಿ ಹೆಚ್ಚು, ಹೆಮ್ಮೆಯೂ ಹೆಚ್ಚು. ಯಂತ್ರ ಬಂದು ಅವರ ಅನ್ನವನ್ನು ಕಿತ್ತುಕೊಂಡಾಗ ಯಾರ್ಕ್‌ಶೈರಿನಲ್ಲಿ 1812ರಲ್ಲಿ ಅವರು ಗಿರಣಿಗಳ ಮೇಲೆ ಬಿದ್ದು ಕತ್ತರಿಯಂತ್ರಗಳನ್ನು ಒಡೆದರು. ಚರಿತ್ರೆ ಅವರನ್ನು ಲಡ್ಡೈಟರೆಂದು ಕರೆಯುತ್ತದೆ. 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಅವರ ಪೈಕಿ 17 ಮಂದಿ ಗಲ್ಲಿಗೇರಿದರು. ಯಂತ್ರ ಮಾತ್ರ ಉಳಿಯಿತು, ಸುಧಾರಿಸಿತು. 1815ರಲ್ಲಿ ಸ್ಟ್ರೌಡ್ ಕಣಿವೆಯ ಬ್ರಿಮ್‌ಸ್ಕೂಮ್ಬಿನಲ್ಲಿ ಲೂಯಿಸ್ ಎಂಬವರು ಹೊಸ ಬಗೆಯ ಕತ್ತರಿಯಂತ್ರಕ್ಕೆ ಪೇಟೆಂಟು ಪಡೆದರು. ಅದರಲ್ಲಿ ತಿರುಚಿಟ್ಟ ಅಲಗುಗಳ ಒಂದು ಉರುಳೆ ಸುತ್ತುತ್ತಾ, ಕೆಳಗೆ ಕದಲದೆ ನಿಂತ ಇನ್ನೊಂದು ಅಲಗಿನೊಡನೆ ಸೇರಿ, ನಡುವೆ ಸಿಕ್ಕಿದ ನವಿರನ್ನು ಕತ್ತರಿಸುತ್ತಿತ್ತು.

ಆ ಕಣಿವೆಯಲ್ಲಿ ಈ ಯಂತ್ರವನ್ನು ನೂರಾರು ಜನ ಕಂಡಿದ್ದರು. ದಿನಬೆಳಗಾದರೆ ಅದರ ಬಳಿಯಲ್ಲಿಯೇ ನಿಂತು ದುಡಿಯುತ್ತಿದ್ದವರೂ ಇದ್ದರು. ಆದರೆ ಬಟ್ಟೆಯ ಮೇಲಿನ ನವಿರಿನಲ್ಲಿ ನೆಲದ ಮೇಲಿನ ಹುಲ್ಲನ್ನು ಕಂಡವನು ಬಡ್ಡಿಂಗ್ ಒಬ್ಬನೇ. ನಮ್ಮ ಕವಿಗಳು ಉಪಮೆಯನ್ನು ಅಲಂಕಾರಗಳಿಗೆ ತಾಯಿಯೆಂದು ಭಾವಿಸುತ್ತಾರೆ. ಶೋಧನೆಗೂ ಅದು ಹಲವೊಮ್ಮೆ ತಾಯಿಯಾಗಿದೆ. ಬಡ್ಡಿಂಗನ ಪ್ರತಿಭೆಯೆಲ್ಲ ಈ ಒಂದು ಸಾದೃಶ್ಯದರ್ಶನದಲ್ಲಿದೆ. ಉಳಿದುದು ಕೈಕೆಲಸ. ಗಿರಣಿಯಲ್ಲಿ ಯಂತ್ರ ನಿಂತಲ್ಲಿಯೇ ನಿಂತಿರುತ್ತದೆ, ಬಟ್ಟೆ ಅದರೆಡೆಗೆ ಹರಿದು ಬರುತ್ತದೆ. ಹೊಲವನ್ನು ಹಾಗೆ ಹರಿಸಲು ಬರುವುದಿಲ್ಲವಾದ್ದರಿಂದ ಯಂತ್ರವನ್ನೇ ನಡೆಸಬೇಕಾಯಿತು.

ಕಲ್ಪನೆಯನ್ನು ಕಬ್ಬಿಣಕ್ಕಿಳಿಸಲು ಹಣ ಬೇಕು. ಸ್ಟ್ರೌಡಿನ ಬಳಿಯ ಥ್ರಪ್ ಎಂಬಲ್ಲಿ ಫೀನಿಕ್ಸ್ ಹೆಸರಿನ ಎರಕದ ಕಾರ್ಖಾನೆಯನ್ನು ನಡೆಸುತ್ತಿದ್ದ ಜಾನ್ ಫೆರಬೀ ಆತನ ಕೈಹಿಡಿದ. 1830ರ ಮೇ 18ರಂದು ಇಬ್ಬರಿಗೂ ಒಪ್ಪಂದವಾಯಿತು. ಪ್ರಯೋಗದ ಖರ್ಚು, ಪೇಟೆಂಟಿನ ಖರ್ಚು ಫೆರಬೀಯದು. ಯಂತ್ರವನ್ನು ತಯಾರಿಸುವ, ಮಾರುವ, ಇತರರಿಗೆ ತಯಾರಿಸಲು ಅನುಮತಿ ಕೊಡುವ ಹಕ್ಕುಗಳೂ ಆತನವೇ. ಬಡ್ಡಿಂಗ್ ಕೊಟ್ಟದ್ದು ತನ್ನ ಬುದ್ಧಿಯನ್ನು. ಹೊಸ ಯಂತ್ರವನ್ನು ಆತ ರಾತ್ರಿಯ ಹೊತ್ತಿನಲ್ಲಿ, ಜನರ ಕಣ್ಣಿಗೆ ಬೀಳದಂತೆ ಪರೀಕ್ಷಿಸುತ್ತಿದ್ದನೆಂದು ಆ ಊರಿನ ಐತಿಹ್ಯ ಹೇಳುತ್ತದೆ. 1830ರ ಆಗಸ್ಟ್ 31ರಂದು ಪೇಟೆಂಟು ದೊರೆಯಿತು. ಅದರ ವಿವರಣೆಯಲ್ಲಿ, ಹಳ್ಳಿಗಾಡಿನ ಶ್ರೀಮಂತರು ಸ್ವತಃ ಈ ಯಂತ್ರವನ್ನು ನಡೆಸಿದರೆ ಅವರಿಗೆ ವಿನೋದವೂ ಆರೋಗ್ಯಕರವಾದ ವ್ಯಾಯಾಮವೂ ದೊರೆತೀತೆಂದು ಬಡ್ಡಿಂಗ್ ಸೂಚಿಸಿದ್ದಾನೆ. ಆಳುಗಳ ಕೆಲಸವನ್ನು ಯಜಮಾನರ ವಿನೋದವಾಗಿ ಕಂಡ ಈ ಸೂಚನೆ ಅಂದಿನವರಿಗೆ ವಿಚಿತ್ರವಾಗಿ ತೋರಿದ್ದರೂ ಮುಂದೆ ಅಕ್ಷರಶಃ ನಿಜವಾಯಿತು.

ಯಂತ್ರದ ರಚನೆ ಸರಳ. 19 ಅಂಗುಲ ಅಗಲ. ಬಡಿದ ಕಬ್ಬಿಣದ ಚೌಕಟ್ಟು. ಹಿಂದುಗಡೆ ಭಾರವಾದ ರೋಲರ್. ಹಿಡಿಯನ್ನು ಹಿಡಿದು ಹಿಂದಿನಿಂದ ತಳ್ಳಿದರೆ ರೋಲರ್ ಉರುಳುತ್ತದೆ. ಅದರ ಚಲನೆ ಎರಕದ ಹಲ್ಲುಚಕ್ರಗಳ ಮೂಲಕ ಮುಂದಿನ ಅಲಗುಗಳ ಉರುಳೆಗೆ ಸಾಗುತ್ತದೆ. ರೋಲರ್ ಒಂದು ಸುತ್ತು ಬರುವಷ್ಟರಲ್ಲಿ ಉರುಳೆ 16 ಸುತ್ತು ಬರುತ್ತದೆ. ಮನುಷ್ಯನ ನಿಧಾನವಾದ ನಡಿಗೆ ಹೀಗೆ ಕತ್ತರಿಯ ವೇಗವಾಗಿ ಮಾರ್ಪಡುತ್ತದೆ. ನಡುವೆ ಇರುವ ಇನ್ನೊಂದು ಚಿಕ್ಕ ರೋಲರನ್ನು ಏರಿಸಿ ಇಳಿಸಿ, ಹುಲ್ಲು ಎಷ್ಟು ಎತ್ತರಕ್ಕೆ ನಿಲ್ಲಬೇಕೆಂಬುದನ್ನು ಗೊತ್ತುಮಾಡಬಹುದು. ಕತ್ತರಿಸಿದ ಹುಲ್ಲು ಮುಂದಕ್ಕೆ ಚಿಮ್ಮಿ ತಟ್ಟೆಯಂಥ ಪೆಟ್ಟಿಗೆಗೆ ಬೀಳುತ್ತದೆ. ಯಂತ್ರ ಬಲು ಭಾರವಾಗಿದ್ದುದರಿಂದ, ಮುಂದಿನಿಂದ ಎಳೆಯಲು ಮತ್ತೊಂದು ಹಿಡಿಯೂ ಬೇಕೆಂಬುದು ಬೇಗನೆ ಅನುಭವಕ್ಕೆ ಬಂತು.

ಇಲ್ಲಿ ಕಾಲದ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಬಡ್ಡಿಂಗನಿಗೆ ಪೇಟೆಂಟು ದೊರೆತ ಅದೇ ಆಗಸ್ಟ್ ತಿಂಗಳಿನಲ್ಲಿ ಕೆಂಟ್ ಪ್ರಾಂತದ ಕೃಷಿಕೂಲಿಗಳು ಕಾಳು ಬಡಿಯುವ ಯಂತ್ರಗಳನ್ನು ಒಡೆಯಲಾರಂಭಿಸಿದರು. ಚಳಿಗಾಲದಲ್ಲಿ ಕೈಯಿಂದ ತೆನೆ ಬಡಿಯುವುದೊಂದೇ ಅವರಿಗೆ ಉಳಿದಿದ್ದ ಜೀವನೋಪಾಯ. ಕ್ಯಾಪ್ಟನ್ ಸ್ವಿಂಗ್ ಎಂಬ ಕಲ್ಪಿತ ನಾಯಕನ ಹೆಸರಿನಲ್ಲಿ ಬೆದರಿಕೆಯ ಪತ್ರಗಳು ಹರಿದಾಡಿದವು. ನವೆಂಬರಿನ ಹೊತ್ತಿಗೆ ಆ ಕಿಚ್ಚು ಗ್ಲಾಸ್ಟರ್‌ಶೈರನ್ನೂ ಮುಟ್ಟಿತು. ದಂಗೆ ಅಡಗಿದ ಮೇಲೆ ದೇಶದಲ್ಲಿ 19 ಮಂದಿಗೆ ಗಲ್ಲಾಯಿತು. ನೂರಾರು ಮಂದಿ ಸಮುದ್ರದಾಚೆಗೆ ಗಡೀಪಾರಾದರು. ಸ್ಟ್ರೌಡಿನ ನೇಕಾರರೂ 1825ರಲ್ಲಿ ಕೂಲಿಗಾಗಿ ಮುಷ್ಕರ ಹೂಡಿದ್ದರು. ಇಂಥ ಸೀಮೆಯಲ್ಲಿ, ಇಂಥ ವರ್ಷದಲ್ಲಿ, ಮನುಷ್ಯನ ಶ್ರಮವನ್ನು ಉಳಿಸುವ ಯಂತ್ರವೊಂದು ಹುಟ್ಟಿತು.

ಹುಲ್ಲಿನ ಯಂತ್ರವನ್ನು ಯಾರೂ ಒಡೆಯಲಿಲ್ಲವೇಕೆ? ಕಾಳು ಬಡಿಯುವ ಯಂತ್ರ ಬಡವನ ಚಳಿಗಾಲದ ಕೂಳಿಗೆ ಕೈಹಾಕಿತ್ತು. ಹುಲ್ಲಿನ ಯಂತ್ರ ಪ್ರವೇಶಿಸಿದ್ದು ಶ್ರೀಮಂತರ ತೋಟಕ್ಕೆ ಮಾತ್ರ; ಅದರ ಸಂಖ್ಯೆಯೂ ಅಲ್ಪ. ಆದರೂ ಲೆಕ್ಕ ಅದೇ. ಯಂತ್ರವನ್ನು ಮೊದಮೊದಲು ಕೊಂಡವರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯವೂ ಆಕ್ಸ್‌ಫರ್ಡಿನ ಕಾಲೇಜುಗಳೂ ಸೇರಿದ್ದವು. ಒಬ್ಬ ಎಳೆದು ಇನ್ನೊಬ್ಬ ತಳ್ಳಿದರೆ, ಕುಡುಗೋಲು ಪೊರಕೆಗಳನ್ನು ಹಿಡಿದ ಆರೆಂಟು ಮಂದಿಯ ಕೆಲಸ ನಡೆಯುತ್ತದೆಂದು ಪ್ರಾಣಿಸಂಗ್ರಹಾಲಯದ ಮೇಲ್ವಿಚಾರಕರು ಸಾಕ್ಷ್ಯ ಕೊಟ್ಟರು. ಇಬ್ಬರು ಆರೆಂಟು ಮಂದಿಯ ಕೆಲಸವನ್ನು ಮಾಡಿದರೆ ಉಳಿದವರ ಗತಿಯೇನು ಎಂಬ ಪ್ರಶ್ನೆಯನ್ನು ಆ ಸಾಕ್ಷ್ಯ ಎತ್ತುವುದಿಲ್ಲ. ಇಬ್ಬನಿಯಲ್ಲಿ ನಿಲ್ಲುತ್ತಿದ್ದ ಆ ಕುಡುಗೋಲಿನವರ ಹೆಸರುಗಳು ಬಡ್ಡಿಂಗನ ಹೆಸರಿನಷ್ಟೂ ಉಳಿದಿಲ್ಲ. ಆತನ ಜೀವನವನ್ನು ಬರೆಯುವವರು ಅವರನ್ನು ಮರೆಯುವುದು ನ್ಯಾಯವಲ್ಲ.

1832ರಲ್ಲಿ ಇಪ್ಸ್‌ವಿಚ್ಚಿನ ರಾನ್ಸಮ್ ಸಂಸ್ಥೆ ಅನುಮತಿ ಪಡೆದು ಈ ಯಂತ್ರವನ್ನು ತಯಾರಿಸತೊಡಗಿತು. ಮುಂದಿನ ಬೆಳವಣಿಗೆ ಇತರರ ಕೈಯಲ್ಲಿ ನಡೆಯಿತು. 1840ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ ಕುದುರೆ ಎಳೆಯುವ ಯಂತ್ರವನ್ನು ಮಾಡಿದ. ಗೊರಸಿನ ಗುರುತು ಬೀಳದಂತೆ ಕುದುರೆಗಳ ಕಾಲಿಗೆ ತೊಗಲಿನ ಜೋಡು ತೊಡಿಸುವುದು ರೂಢಿಗೆ ಬಂತು. 1859ರಲ್ಲಿ ಲೀಡ್ಸಿನ ಥಾಮಸ್ ಗ್ರೀನ್ ಹಲ್ಲುಚಕ್ರಗಳ ಬದಲು ಸರಪಳಿಯನ್ನು ಬಳಸಿ ಸದ್ದನ್ನು ತಗ್ಗಿಸಿದ. 1893ರಲ್ಲಿ ಉಗಿಯೂ, 1902ರಲ್ಲಿ ಪೆಟ್ರೋಲ್ ಎಂಜಿನ್ನೂ ಬಂದು ಸೇರಿದವು. ನಮ್ಮ ದೇಶದ ದೊಡ್ಡ ಹುಲ್ಲುಹಾಸುಗಳಲ್ಲಿ ಎತ್ತುಗಳು ಈ ನೊಗಕ್ಕೆ ಹೆಗಲು ಕೊಟ್ಟವು. ಎಳೆಯುವವರು ಬದಲಾದರು; ಕತ್ತರಿಸುವ ತತ್ತ್ವ ಬದಲಾಗಲಿಲ್ಲ.

ಇಂದು ಇಂಗ್ಲೆಂಡಿನಲ್ಲಿ ಇಂಥ ಹಳೆಯ ಯಂತ್ರಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಮತ್ತೆ ಹುಲ್ಲಿನ ಮೇಲೆ ನಡೆಸುವ ಆಸಕ್ತರ ಸಂಘವೇ ಇದೆ. ನೂರು ವರ್ಷ ದಾಟಿದ ಯಂತ್ರ ಇನ್ನೂ ದುಡಿಯುವುದು ಹೇಗೆ? ರಿಪೇರಿಯನ್ನೇ ಕಸುಬಾಗಿ ಮಾಡಿಕೊಂಡಿದ್ದವನ ಮನಸ್ಸು ಅದರ ಮೂಲದಲ್ಲಿದೆ. ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ತಿರುಪನ್ನು ಸಡಿಲಿಸಿದರೆ ಬಿಚ್ಚಿಕೊಳ್ಳುತ್ತದೆ. ಅದರ ಪೋಷಣೆಯ ಕ್ರಮವನ್ನು ಅರಿತರೆ ಬಡ್ಡಿಂಗನ ಮನಸ್ಸನ್ನೇ ಅರಿತಂತೆ.

ಈ ಯಂತ್ರದ ಪ್ರಾಣವಿರುವುದು ಸುತ್ತುವ ಅಲಗೂ ನಿಂತ ಅಡಿಯಲಗೂ ಕೂಡುವ ಗೆರೆಯಲ್ಲಿ. ಎರಡೂ ಅತಿಯಾಗಿ ಒತ್ತಿದರೆ ಲೋಹ ಕಾಯ್ದು ಸವೆಯುತ್ತದೆ, ತಳ್ಳುವವನ ತೋಳು ಸೋಲುತ್ತದೆ. ದೂರವಾದರೆ ಹುಲ್ಲು ಕತ್ತರಿಸಿಹೋಗದೆ ಮಡಿಚಿ ಹರಿಯುತ್ತದೆ; ಹರಿದ ತುದಿಗಳು ಒಂದೆರಡು ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಹಾಸಿಗೆಲ್ಲ ಬಾಡಿದ ಛಾಯೆ ಕೊಡುತ್ತವೆ. ಎರಡು ಬದಿಯ ತಿರುಪುಗಳನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿ, ನಡುವೆ ತೆಳುವಾದ ಕಾಗದದ ಚೂರನ್ನಿಟ್ಟು ನೋಡಬೇಕು. ಅಲಗಿನ ಈ ತುದಿಯಿಂದ ಆ ತುದಿಯವರೆಗೆ ಕಾಗದ ಎಲ್ಲೆಡೆಯೂ ಚೊಕ್ಕಟವಾಗಿ ತುಂಡಾದರೆ ಹೊಂದಿಕೆ ಸರಿಯಾಯಿತು. ಆಗ ಉರುಳೆಯನ್ನು ಮರದ ತುಂಡಿನಿಂದ ತಿರುಗಿಸಬೇಕೇ ಹೊರತು ಬೆರಳಿನಿಂದಲ್ಲ. ಕೈಯಿಂದ ಸುತ್ತುವ ಉರುಳೆಯೂ ಬೆರಳನ್ನು ಕತ್ತರಿಸಬಲ್ಲದು. ಅಲಗು ಮೊಂಡಾದಾಗ ಎಣ್ಣೆಯಲ್ಲಿ ಕಲಸಿದ ಎಮೆರಿ ಪುಡಿಯನ್ನು ಅದಕ್ಕೆ ಹಚ್ಚಿ ಉರುಳೆಯನ್ನು ಹಿಂದುಮುಂದಾಗಿ ಸುತ್ತಿಸುತ್ತಾರೆ. ಎರಡು ಅಲಗುಗಳೂ ಒಂದನ್ನೊಂದು ಮಸೆದುಕೊಂಡು ಹರಿತವಾಗುತ್ತವೆ. ಆ ಮೇಲೆ ಎಮೆರಿಯ ಕಣವೊಂದೂ ಉಳಿಯದಂತೆ ಒರಸಬೇಕು. ಉಳಿದ ಕಣ ಬೇರಿಂಗಿಗೆ ಸೇರಿದರೆ ಅದನ್ನೇ ತಿನ್ನುತ್ತದೆ.

ಬಳಕೆಯಲ್ಲಿಯೂ ನಿಯಮಗಳುಂಟು. ಮೊದಲು ನೆಲವನ್ನು ನಡೆದು ನೋಡಿ ಕಲ್ಲು ಕಡ್ಡಿಗಳನ್ನು ಆಯಬೇಕು, ಏಕೆಂದರೆ ಒಂದು ಹರಳು ಸಾಕು, ಅಲಗಿನ ಬಾಯಿ ಮುರಿಯುತ್ತದೆ. ಕುಡುಗೋಲಿಗೆ ಇಬ್ಬನಿ ಬೇಕಾದರೆ ಯಂತ್ರಕ್ಕೆ ಒಣಗಿದ ಹುಲ್ಲು ಬೇಕು. ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಪ್ರತಿ ಸಲವೂ ದಿಕ್ಕು ಬದಲಿಸಿ ನಡೆದರೆ ಹುಲ್ಲು ಒಂದೇ ಕಡೆಗೆ ವಾಲುವುದಿಲ್ಲ. ಕೆಲಸ ಮುಗಿದೊಡನೆ ಅಂಟಿದ ಹುಲ್ಲನ್ನು ಬ್ರಷ್ಷಿನಿಂದ ತೆಗೆದು, ಒಣಬಟ್ಟೆಯಿಂದ ಒರಸಿ, ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ಬೇರಿಂಗುಗಳ ಎಣ್ಣೆರಂಧ್ರಗಳಿಗೆ ಎರಡೆರಡು ತೊಟ್ಟು ಬಿಟ್ಟು ಇಡಬೇಕು. ಹುಲ್ಲಿನ ರಸ ಕಬ್ಬಿಣಕ್ಕೆ ಶತ್ರು. ಹೀಗೆ ನೋಡಿಕೊಂಡವರಿಗೆ ಯಂತ್ರ ತಲೆಮಾರುಗಳವರೆಗೆ ದುಡಿದುಕೊಡುತ್ತದೆ. ಉದಾಸೀನ ಮಾಡಿದವರಿಗೆ ಒಂದು ಮಳೆಗಾಲದಲ್ಲಿ ಗುಜರಿಯಾಗುತ್ತದೆ.

ಬಡ್ಡಿಂಗನ ಬುದ್ಧಿ ಹುಲ್ಲಿನಲ್ಲಿಯೇ ನಿಲ್ಲಲಿಲ್ಲ. ಹಲವು ನಳಿಗೆಗಳನ್ನು ಕೈಯಿಂದ ತಿರುಗಿಸಿ ಒಂದಾದ ಮೇಲೊಂದರಂತೆ ಹಾರಿಸುವ ಪಿಸ್ತೂಲನ್ನು ಆತ ಮಾಡಿದ. ಅಮೆರಿಕದ ಸ್ಯಾಮ್ಯುಯಲ್ ಕೋಲ್ಟ್ 1830ರ ದಶಕದ ನಡುವಿನಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟು ಪಡೆಯುವುದಕ್ಕಿಂತ ಮುಂಚಿನ ಮಾತು ಇದು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಿ ಬೇರೆಬೇರೆ ಅಳತೆಯ ನಟ್ಟುಗಳಿಗೆ ಹೊಂದಿಸಬಹುದಾದ ಸ್ಪ್ಯಾನರಿನ ಆರಂಭದ ರೂಪವನ್ನೂ ಆತನ ಹೆಸರಿನೊಡನೆ ಸೇರಿಸಿ ಹೇಳುತ್ತಾರೆ. ಅದೇ ಸೀಮೆಯ ರಿಚರ್ಡ್ ಕ್ಲೈಬರ್ನನಿಗೆ ಆ ಕೀರ್ತಿ ಸಲ್ಲಬೇಕೆನ್ನುವವರೂ ಇದ್ದಾರೆ. ಯಾರೇ ಮಾಡಿರಲಿ, ಒಂದೇ ಉಪಕರಣದಿಂದ ಹತ್ತು ನಟ್ಟುಗಳನ್ನು ಬಿಚ್ಚುವ ಆಸೆ ಯಂತ್ರ ದುರಸ್ತಿ ಮಾಡುವವನ ಆಸೆಯೇ. ಆ ಕೀಲಿ ಇಂದು ಲೋಕದ ಪ್ರತಿಯೊಬ್ಬ ಮೆಕಾನಿಕ್ಕನ ಪೆಟ್ಟಿಗೆಯಲ್ಲಿದೆ.

ಕೊನೆಯ ವರ್ಷಗಳಲ್ಲಿ ಬಡ್ಡಿಂಗ್ ಅದೇ ಪ್ರಾಂತದ ಡರ್ಸ್ಲಿ ಎಂಬ ಊರಿಗೆ ಹೋಗಿ ಜಾರ್ಜ್ ಲಿಸ್ಟರನ ಬಳಿ ಸೇರಿದ. ಉಣ್ಣೆ ಹಿಂಜಲು ಬೇಕಾದ, ತಂತಿಯ ಹಲ್ಲುಗಳನ್ನು ಕೂಡಿಸಿದ ತೊಗಲಿನ ಪಟ್ಟಿಗಳನ್ನು ಲಿಸ್ಟರ್ ತಯಾರಿಸುತ್ತಿದ್ದ. ಅವುಗಳನ್ನು ಮಾಡುವ ಯಂತ್ರವನ್ನು ಬಡ್ಡಿಂಗ್ ಸುಧಾರಿಸಿದ. ಅಲ್ಲಿಯೇ 1846ರಲ್ಲಿ, ಸುಮಾರು ಐವತ್ತರ ವಯಸ್ಸಿನಲ್ಲಿ, ತೀರಿಕೊಂಡ. ತನ್ನ ಶೋಧನೆಯಿಂದ ಆತ ಧನಿಕನಾಗಲಿಲ್ಲ. ಹುಲ್ಲುಹಾಸಿನ ಮೇಲೆ ನಡೆಯುವ ಟೆನ್ನಿಸ್ ಆಟ ರೂಪುಗೊಂಡದ್ದು 1870ರ ದಶಕದಲ್ಲಿ, ಆತ ಸತ್ತು ಕಾಲುಶತಮಾನ ಕಳೆದ ಮೇಲೆ. ನಡುಮಟ್ಟದ ಮನೆಗಳ ಮುಂದೆ ಹಸುರು ಹಾಸು ಹಬ್ಬಿದ್ದೂ ಆ ಬಳಿಕವೇ. ಯಂತ್ರದ ನಿಜವಾದ ಬೇಡಿಕೆ ಬೆಳೆದಾಗ ಯಂತ್ರಕಾರ ಇರಲಿಲ್ಲ.

ಆತ ಕೊನೆಗೆ ದುಡಿದ ಮನೆತನದ ಹೆಸರು ಮಾತ್ರ ನಮ್ಮ ರೈತರವರೆಗೂ ಬಂತು. ಜಾರ್ಜ್ ಲಿಸ್ಟರನ ಮಗ ರಾಬರ್ಟ್ ಆಷ್ಟನ್ ಲಿಸ್ಟರ್ 1867ರಲ್ಲಿ ಡರ್ಸ್ಲಿಯಲ್ಲಿ ಸ್ಥಾಪಿಸಿದ ಕಾರ್ಖಾನೆಯ ನಿಧಾನಗತಿಯ ಡೀಸೆಲ್ ಎಂಜಿನ್ನುಗಳು ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಬಾವಿಗಳ ಬಳಿ ನೀರೆತ್ತಿದವು. ಅವುಗಳ ಮಾದರಿಯಲ್ಲಿ ಗುಜರಾತಿನ ರಾಜಕೋಟೆಯಲ್ಲಿಯೂ ಎಂಜಿನ್ನುಗಳು ತಯಾರಾದವು. ಅವೂ ಬಿಚ್ಚಿ ಜೋಡಿಸಿ ಬಹುಕಾಲ ಬಾಳಿಸಬಹುದಾದ ಯಂತ್ರಗಳೇ. ಕಾರ್ಖಾನೆಯ ಹೆಸರು ಎಂಜಿನ್ನಿನ ಮೇಲೆ ಎರಕವಾಗಿ ಉಳಿಯುತ್ತದೆ. ಕೂಲಿಗಾಗಿ ಬುದ್ಧಿ ಕೊಟ್ಟವನ ಹೆಸರನ್ನು ಎರಕ ಹೊಯ್ಯುವವರು ಕಡಮೆ.

ಇಪ್ಪತ್ತನೆಯ ಶತಮಾನದ ನಡುವಿನಿಂದ, ನೆಲಕ್ಕೆ ಸಮಾನಾಂತರವಾಗಿ ಒಂದೇ ಅಲಗು ರಭಸದಿಂದ ಸುತ್ತಿ ಹುಲ್ಲನ್ನು ಹೊಡೆದುಹಾಕುವ ಬೇರೊಂದು ಬಗೆಯ ಯಂತ್ರ ಮನೆಮನೆಗಳಲ್ಲಿ ಹರಡಿದೆ. ಉದ್ದವಾಗಿ ಬೆಳೆದ ಒರಟು ಹುಲ್ಲಿಗೆ ಅದೇ ತಕ್ಕದ್ದು. ಆದರೆ ಕ್ರಿಕೆಟ್ಟಿನ ಅಂಕಣವನ್ನೋ ಗಾಲ್ಫ್ ಆಟದ ಗುಳಿಯ ಸುತ್ತಲಿನ ನುಣುಪು ನೆಲವನ್ನೋ ಸಿದ್ಧಪಡಿಸುವವರು ಇಂದಿಗೂ ಬಡ್ಡಿಂಗನ ಉರುಳೆಯನ್ನೇ ಆಶ್ರಯಿಸುತ್ತಾರೆ. ಆ ಕಾಲದ ಯಂತ್ರಗಳನ್ನು ಸ್ಟ್ರೌಡಿನ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿಯೂ ಜೋಪಾನ ಮಾಡಿದ್ದಾರೆ. ಅವುಗಳ ಪಕ್ಕದಲ್ಲಿ ಇಂದಿನ ಯಂತ್ರವೊಂದನ್ನು ತಂದಿಟ್ಟರೆ ರೋಲರ್, ಉರುಳೆ, ಅಡಿಯಲಗು, ಹುಲ್ಲಿನ ಪೆಟ್ಟಿಗೆ ಎಲ್ಲವೂ ಇದ್ದಲ್ಲಿಯೇ ಇರುವುದನ್ನು ಯಾರು ಬೇಕಾದರೂ ಗುರುತಿಸಬಹುದು.

ದೊಡ್ಡ ಶೋಧಕರೆಂದು ಲೋಕ ಹೊಗಳುವವರ ಸಾಲಿನಲ್ಲಿ ಬಡ್ಡಿಂಗನಿಗೆ ಎಡೆ ದೊರೆಯದಿದ್ದರೆ ಆಶ್ಚರ್ಯವಿಲ್ಲ. ಆತ ಹೊಸ ಶಕ್ತಿಯನ್ನು ಕಂಡುಹಿಡಿಯಲಿಲ್ಲ, ಹೊಸ ನಿಯಮವನ್ನು ಸಾರಲಿಲ್ಲ. ಕಣ್ಣೆದುರಿಗಿದ್ದ ಒಂದು ಕೆಲಸದಲ್ಲಿ ದೂರದ ಇನ್ನೊಂದು ಕೆಲಸವನ್ನು ಕಂಡ. ಕಂಡುದನ್ನು, ಕೆಟ್ಟರೆ ಯಾವ ಕಮ್ಮಾರನೂ ಸರಿಪಡಿಸಬಲ್ಲಂತೆ ಕಟ್ಟಿದ. ಕೆಟ್ಟುದನ್ನು ಬಿಸುಟು ಹೊಸದನ್ನು ಕೊಳ್ಳುವುದೇ ಬಾಳಿನ ಕ್ರಮವಾಗುತ್ತಿರುವ ಈ ದಿನಗಳಲ್ಲಿ, ಬಿಚ್ಚಿ ನೋಡಲು ಬರುವ, ಎಣ್ಣೆ ಹಾಕಿದರೆ ಮತ್ತೆ ತಿರುಗುವ ವಸ್ತುವನ್ನು ಮಾಡಿಟ್ಟುಹೋದವನನ್ನು ಒಮ್ಮೆ ನೆನೆಯುವುದು ಸರಿಯಾದೀತು. ಆತನನ್ನು ನೆನೆಯುವ ಉತ್ತಮ ರೀತಿಯೆಂದರೆ ಕೈಯಲ್ಲಿರುವ ಯಂತ್ರವನ್ನು ಒರಸಿ ಒಣಗಿಸಿ ಇಡುವುದು.